ಕೀಲು ಬದಲಾವಣೆಯ ಚರಿತ್ರೆ: ರೋಗಿಯ ಸಾಕ್ಷ್ಯದ ಪ್ರಶ್ನೆ

ಸವೆದುಹೋದ ಸೊಂಟದ ಕೀಲನ್ನು ತೆಗೆದು ಅದರ ಸ್ಥಾನದಲ್ಲಿ ಕೃತಕ ಕೀಲನ್ನು ಕೂಡಿಸುವ ಶಸ್ತ್ರಚಿಕಿತ್ಸೆಯನ್ನು, 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಲೇಖನವೊಂದು ತನ್ನ ಶೀರ್ಷಿಕೆಯಲ್ಲಿಯೇ 'ಶತಮಾನದ ಶಸ್ತ್ರಚಿಕಿತ್ಸೆ' ಎಂದು ಕರೆಯಿತು. ಈ ಪ್ರಶಂಸೆ ಸಲ್ಲದೆಂದು ನಾವು ಹೇಳಲಾರೆವು. ವೈದ್ಯಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೆ ಆ ಸಾಧನೆಯ ಚರಿತ್ರೆಯನ್ನು ಬರೆಯುವ ಕ್ರಮವು ಇತಿಹಾಸದ ಅಭ್ಯಾಸಿಗಳ ವಿಮರ್ಶೆಗೆ ಒಳಪಡತಕ್ಕ ವಿಷಯವೇ ಆಗಿದೆ.

ರೂಢಿಯಲ್ಲಿರುವ ಕಥನ ಹೀಗಿದೆ: ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ (1911–1982) ಎಂಬ ಶಸ್ತ್ರವೈದ್ಯನು ಉಕ್ಕಿನ ಸಣ್ಣ ಗುಂಡು, ಪ್ಲಾಸ್ಟಿಕ್ಕಿನ ಬಟ್ಟಲು, ಅಕ್ರಿಲಿಕ್ ಸಿಮೆಂಟು ಇವುಗಳಿಂದ ಘರ್ಷಣೆ ಕಡಮೆಯಾದ ಕೀಲೊಂದನ್ನು ರಚಿಸಿ, 1961ರ ಮೇ ತಿಂಗಳಲ್ಲಿ 'ಲ್ಯಾನ್ಸೆಟ್'ನಲ್ಲಿ ಅದನ್ನು ಲೋಕಕ್ಕೆ ಅರುಹಿದನು. ಇಲ್ಲಿಂದ ಜನಪ್ರಿಯ ಬರಹಗಳು ಇಂದಿನ ಯಶಸ್ಸಿಗೆ ಒಂದೇ ನೆಗೆತದಲ್ಲಿ ಬಂದುಬಿಡುತ್ತವೆ. ಆದರೆ ಆ ಲೇಖನದಲ್ಲಿ ವರ್ಣಿತವಾದ ಬಟ್ಟಲು ಟೆಫ್ಲಾನಿನದು. ಸುಮಾರು 300 ಶಸ್ತ್ರಚಿಕಿತ್ಸೆಗಳಲ್ಲಿ ಬಳಕೆಯಾದ ಆ ವಸ್ತುವು ಕೆಲವೇ ವರ್ಷಗಳಲ್ಲಿ ಸವೆಯಿತು. ಸವೆದ ಪುಡಿ ಸುತ್ತಲಿನ ಅಂಗಾಂಶವನ್ನು ಕೆಡಿಸಿತು. ರೋಗಿಗಳು ಮತ್ತೊಮ್ಮೆ ಶಸ್ತ್ರಕ್ಕೆ ಒಳಗಾಗಬೇಕಾಯಿತು. ಜನ್ಮಪತ್ರಿಕೆಯೆಂದು ಕೊಂಡಾಡಲ್ಪಡುವ ದಾಖಲೆಯು ಹೀಗೆ ಒಂದು ವಿಫಲ ಪ್ರಯೋಗದ ದಾಖಲೆಯೂ ಆಗಿದೆ.

ಚಾರ್ನ್ಲಿಯ ಹಿರಿಮೆ ಪ್ರಾರಂಭವಾಗುವುದು ಇಲ್ಲಿಂದಲೇ ಎಂದು ನಮ್ಮ ಅಭಿಪ್ರಾಯ. ಅವನ ಸಹಾಯಕನಾಗಿದ್ದ ಯಂತ್ರಕುಶಲಿ ಹ್ಯಾರಿ ಕ್ರೇವನ್, ಚಾರ್ನ್ಲಿಗೆ ಮೊದಲು ಹಿಡಿಸದಿದ್ದ ಪಾಲಿಎಥಿಲೀನ್ ತುಂಡನ್ನು ಅವನಿಲ್ಲದಾಗ ಸವೆತದ ಯಂತ್ರಕ್ಕೆ ಹಾಕಿ ಪರೀಕ್ಷಿಸಿದನು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟನ್ನು ಅದು ಮೂರು ವಾರಗಳಲ್ಲಿಯೂ ಸವೆಯಲಿಲ್ಲ. ಚಾರ್ನ್ಲಿ ಎರಡೂ ವಸ್ತುಗಳನ್ನು ತನ್ನ ತೊಡೆಯಲ್ಲಿಯೇ ಹುದುಗಿಸಿಕೊಂಡು ದೇಹದ ಪ್ರತಿಕ್ರಿಯೆಯನ್ನು ನೋಡಿದನು. 1962ರ ನವೆಂಬರಿನಿಂದ ಹೊಸ ಬಟ್ಟಲು ಬಳಕೆಗೆ ಬಂದರೂ ಅದನ್ನು ಹಲವು ವರ್ಷ ಮುಕ್ತ ಮಾರಾಟಕ್ಕೆ ಬಿಡಲಿಲ್ಲ. ರೋಗಿಗಳನ್ನು ಮತ್ತೆ ಮತ್ತೆ ಕರೆಸಿ ನೋಡಿದ್ದಲ್ಲದೆ, ಮರಣಾನಂತರ ಆ ಕೀಲುಗಳನ್ನು ಪರೀಕ್ಷೆಗೆ ಒಪ್ಪಿಸಬೇಕೆಂದು ಅವರನ್ನು ಕೇಳಿಕೊಳ್ಳಲಾಯಿತು. ಸೋಲಿನ ಲೆಕ್ಕವನ್ನು ಮುಚ್ಚದೆ ಇಟ್ಟುದು ಇವನ ನಿಜವಾದ ಸಂಶೋಧನೆ. ಅದರಲ್ಲಿ ಹೆಸರಿಲ್ಲದ ಆ ರೋಗಿಗಳು ಸಮಭಾಗಿಗಳು.

ವಿಲಿಯಂ ವಾ ಅವರು 1990ರಲ್ಲಿ ಪ್ರಕಟಿಸಿದ ಚಾರ್ನ್ಲಿಯ ಜೀವನಚರಿತ್ರೆಯ ಕೇಂದ್ರದಲ್ಲಿ, ಸಹಜವಾಗಿಯೇ, ಒಬ್ಬ ವ್ಯಕ್ತಿಯಿದ್ದಾನೆ. ಆಂಡರ್ಸನ್, ನೀರಿ ಮತ್ತು ಪಿಕ್‌ಸ್ಟೋನ್ ಅವರ 2007ರ ಗ್ರಂಥವು ಶಸ್ತ್ರವೈದ್ಯರು, ತಯಾರಕರು, ರೋಗಿಗಳು ಎಂಬ ಮೂವರನ್ನೂ ಶೀರ್ಷಿಕೆಯಲ್ಲಿಯೇ ನಿಲ್ಲಿಸಿತು. ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕೆಂಬುದು ನಮ್ಮ ಸೂಚನೆ: ಈ ಚರಿತ್ರೆಯ ಕಾಲವಿಭಾಗವನ್ನು ಕೃತಕ ಕೀಲಿನ ಮಾದರಿಗಳಿಂದಲ್ಲ, ರೋಗಿಯ ಸಾಕ್ಷ್ಯಕ್ಕೆ ದೊರೆತ ಬೆಲೆಯಿಂದ ಮಾಡಬೇಕು.

ಹಾಗೆ ನೋಡಿದರೆ ಘಟ್ಟಗಳು ಬೇರೆಯಾಗುತ್ತವೆ. 1979ರಲ್ಲಿ ಸ್ವೀಡನ್ ದೇಶವು ಸೊಂಟದ ಕೀಲು ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ದಾಖಲೆಯನ್ನು ಆರಂಭಿಸಿತು. ಒಬ್ಬ ವೈದ್ಯನ ಶಿಸ್ತು ಇಲ್ಲಿ ಒಂದು ದೇಶದ ಶಿಸ್ತಾಯಿತು. ಲೋಹಕ್ಕೆ ಲೋಹ ತಾಗುವ ಒಂದು ಮಾದರಿಯನ್ನು 2010ರಲ್ಲಿ ಹಿಂತೆಗೆದುಕೊಂಡುದಕ್ಕೆ ಇಂತಹ ದಾಖಲೆಗಳ ಅಂಕಿಗಳೇ ಆಧಾರವಾದುವು. ಆದರೆ ಇಂತಹ ದಾಖಲೆಗಳು ಮುಖ್ಯವಾಗಿ ಎಣಿಸಿದುದು ಮರುಶಸ್ತ್ರಚಿಕಿತ್ಸೆಗಳನ್ನು. ನೋವನ್ನು ಸಹಿಸಿಕೊಂಡು ಮನೆಯಲ್ಲಿಯೇ ಉಳಿದವನು ಆ ಲೆಕ್ಕದಲ್ಲಿ ಯಶಸ್ಸಿನ ಕಡೆಗೇ ಸೇರಿಹೋಗುತ್ತಾನೆ. 1996ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ರೂಪಿಸಿದ ಹನ್ನೆರಡು ಪ್ರಶ್ನೆಗಳ ಪಟ್ಟಿಯು ಈ ಕೊರತೆಯನ್ನು ತುಂಬಲು ಯತ್ನಿಸಿತು: ನಡೆಯಬಲ್ಲಿರಾ, ಮೆಟ್ಟಿಲು ಹತ್ತಬಲ್ಲಿರಾ, ರಾತ್ರಿ ನೋವಿದೆಯೇ ಎಂಬಂತಹ ಪ್ರಶ್ನೆಗಳನ್ನು ಅದು ರೋಗಿಯನ್ನೇ ಕೇಳಿತು. 2009ರಿಂದ ಇಂಗ್ಲೆಂಡಿನ ಸರಕಾರೀ ಆರೋಗ್ಯಸೇವೆಯು ಶಸ್ತ್ರಚಿಕಿತ್ಸೆಯ ಮುಂಚೆಯೂ ಅನಂತರವೂ ಇಂತಹ ಉತ್ತರಗಳನ್ನು ಸಂಗ್ರಹಿಸತೊಡಗಿತು.

ಪ್ರಶ್ನಾವಳಿಯೂ ಪೂರ್ಣ ಸಾಕ್ಷ್ಯವಲ್ಲ. ಕೇಳದ ಪ್ರಶ್ನೆಗೆ ಅಲ್ಲಿ ಉತ್ತರವಿರದು. ಆದರೂ ಚಿಕಿತ್ಸೆಯ ಫಲವನ್ನು ಹೇಳುವ ಅಧಿಕಾರ ಅದನ್ನು ಅನುಭವಿಸಿದವನಿಗೂ ಉಂಟೆಂಬ ತತ್ತ್ವ ಅದರಿಂದ ಸ್ಥಾಪಿತವಾಯಿತು. ರಾಜರ ಶಾಸನಗಳಿಂದಲೇ ಪ್ರಜೆಗಳ ಬಾಳನ್ನು ಅಳೆಯಲಾಗದೆಂದು ಬಲ್ಲ ನಮಗೆ, ಶಸ್ತ್ರವೈದ್ಯರ ಲೇಖನಗಳಿಂದಲೇ ರೋಗಿಗಳ ಚರಿತ್ರೆಯನ್ನು ಬರೆಯಲಾಗದೆಂಬುದು ಹೊಸ ಮಾತಾಗಬಾರದು.