ಮರದಡಿಯ ನಾಲ್ವರು

ಡಚ್ ಕಲಾವಿದ ರೆಂಬ್ರಾಂಟ್ (1606–1669) ಮೊಘಲ್ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದುಬಂದಿದ್ದು, ಅವುಗಳಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಮರದಡಿ ಕುಳಿತ ನಾಲ್ವರು ಹಿರಿಯರ ಚಿತ್ರವೇ ಮಿಗಿಲಾದುದು. ಇದರ ಮೂಲವೋ, ಮೂಲಕ್ಕೆ ತೀರ ಹತ್ತಿರದ್ದೋ ಆದ ಕಿರುಚಿತ್ರವೊಂದು ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿ ಇಂದಿಗೂ ಇದೆ. ಅದರಲ್ಲಿ ಕುಳಿತವರು ಇಸ್ಲಾಂ ಧರ್ಮದ ಜ್ಞಾನಿಗಳು.

1650ರ ದಶಕದಲ್ಲಿ ರೆಂಬ್ರಾಂಟ್ ಸಾಮಾನ್ಯವಾಗಿ ಜೊಂಡಿನ ಲೇಖನಿಯಿಂದ ದಪ್ಪ ದಪ್ಪ ಗೆರೆಗಳನ್ನೆಳೆದು, ಅರೆಬರೆಯಾಗಿ ಬಿಟ್ಟ ಆಕಾರವನ್ನು ನೋಡುಗನ ಕಣ್ಣೇ ಪೂರ್ಣಗೊಳಿಸಲೆಂದು ಬಿಡುತ್ತಿದ್ದ. ಇಲ್ಲಿ ಆತನ ಕೈ ಬೇರೆಯೇ ಆಗಿದೆ. ಶಾಯಿಯನ್ನು ಬೇಗ ಹೀರದೆ ಮೇಲ್ಮೈಯಲ್ಲೇ ಉಳಿಸಿಕೊಳ್ಳುವ, ನಸುಹಳದಿ ಬಣ್ಣದ ನುಣುಪಾದ ಜಪಾನೀ ಕಾಗದವನ್ನು ಆತ ಆರಿಸಿಕೊಂಡಿದ್ದಾನೆ. ಗಡ್ಡದ ಕೂದಲನ್ನೂ ರುಮಾಲಿನ ಮಡಿಕೆಯನ್ನೂ ಸಪೂರ ಮೊನೆಯಿಂದ, ಅವಸರವಿಲ್ಲದೆ ಮೂಡಿಸಿದ್ದಾನೆ. ಆದರೂ ಇದು ಬರಿಯ ನಕಲಲ್ಲ. ಮೊಘಲ್ ಚಿತ್ರಕಾರನಿಗೆ ನೆರಳಿನ ಹಂಗು ಕಡಿಮೆ, ಅವನ ಆಕೃತಿಗಳು ಮುಖ್ಯವಾಗಿ ಗೆರೆ ಮತ್ತು ಬಣ್ಣದ ಬಲದಿಂದ ನಿಲ್ಲುತ್ತವೆ. ರೆಂಬ್ರಾಂಟನಾದರೋ ಕಂದು ಶಾಯಿಗೆ ನೀರು ಬೆರೆಸಿ ತೆಳುವಾಗಿಸಿ, ಕುಂಚದಿಂದ ಅಲ್ಲಲ್ಲಿ ಹರಡಿ, ಕುಳಿತವರ ಮೈಗೆ ತೂಕವನ್ನು ತಂದಿದ್ದಾನೆ. ಬೆಳಕು ಕತ್ತಲೆಗಳಿಂದಲೇ ಭಾವವನ್ನು ಹೇಳುವ ಬರೋಕ್ ಶೈಲಿ, ಅಂದರೆ ಹದಿನೇಳನೆಯ ಶತಮಾನದ ಯುರೋಪಿನ ಕಲಾರೀತಿ, ಈ ಪುಟ್ಟ ಹಾಳೆಯೊಳಗೆ ಸದ್ದಿಲ್ಲದೆ ಸೇರಿಕೊಂಡಿರುವುದು ಹೀಗೆ.

ರೆಂಬ್ರಾಂಟ್ ದಿವಾಳಿಯಾದ 1656ರಲ್ಲಿಯೇ ಈ ಕುಳಿತ ಭಂಗಿ ಬೈಬಲ್ಲಿನ ಕಥೆಯೊಂದರೊಳಗೆ ಬಂತು. ವೃದ್ಧ ಅಬ್ರಹಾಮನ ಮನೆಗೆ ದೇವರು ಇಬ್ಬರು ದೇವದೂತರೊಡನೆ ಅತಿಥಿಯಾಗಿ ಬಂದು, ಮುಪ್ಪಿನ ಸಾರಾಳಿಗೆ ಮಗ ಹುಟ್ಟುವನೆಂದು ತಿಳಿಸುವ ಪ್ರಸಂಗವನ್ನು ಆತ ಎಚ್ಚಿಂಗ್ ಮಾಡಿದ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಗೀಚಿದಲ್ಲಿ ಮಾತ್ರ ಆಮ್ಲವು ಲೋಹವನ್ನು ಕೊರೆಯುವಂತೆ ಮಾಡಿ, ಆ ತಗ್ಗುಗಳಲ್ಲಿ ಶಾಯಿ ತುಂಬಿ ಅಚ್ಚು ತೆಗೆಯುವ ವಿಧಾನವಿದು. ಯುರೋಪಿನ ಅನೇಕ ಚಿತ್ರಕಾರರು ಈ ಅತಿಥಿಗಳನ್ನು ಮೇಜಿನ ಮುಂದೆ ಕೂರಿಸಿದ್ದರೆ, ರೆಂಬ್ರಾಂಟ್ ಅವರನ್ನು ನೆಲದ ಮೇಲೆ, ಊಟದ ತಟ್ಟೆಯ ಸುತ್ತ ಕೂರಿಸಿದ. ನಡುವಿನ ಬಿಳಿಗಡ್ಡದ ದೇವರಂತೂ ಯಾವುದೋ ಸೂಫಿ ಹಿರಿಯನಂತೆಯೇ ಕಾಣುತ್ತಾನೆ. ಹೂಜಿ ಹಿಡಿದ ಅಬ್ರಹಾಮ ಅಂಚಿನಲ್ಲಿ ಬಾಗಿದ್ದಾನೆ, ಸಾರಾ ಬಾಗಿಲ ಮರೆಯಿಂದ ಆಲಿಸುತ್ತಿದ್ದಾಳೆ. ಪೂರ್ವದೇಶದ ಉಡುಪನ್ನು ಬರಿಯ ಅಲಂಕಾರಕ್ಕೆ ಬಳಸಿದವರು ಆ ಕಾಲದಲ್ಲಿ ಹಲವರಿದ್ದರು. ಕುಳಿತುಕೊಳ್ಳುವ ರೀತಿಯಲ್ಲೇ ಆತಿಥ್ಯದ ಸತ್ಯವಿದೆಯೆಂದು ಕಂಡು, ದೇವರನ್ನೇ ನೆಲಕ್ಕಿಳಿಸಿ ಕೂರಿಸಿದ ಧೈರ್ಯ ರೆಂಬ್ರಾಂಟನದು.