ಮಂಜರಾಬಾದ್ ಮತ್ತು ಸಕಲೇಶಪುರ: ಎರಡು ಸ್ಥಳನಾಮಗಳ ವಿಚಾರ

ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ದೋಣಿಗಾಲಿನ ಬಳಿಯ ಗುಡ್ಡದ ಮೇಲೆ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯೊಂದಿದೆ. ಟಿಪ್ಪು ಸುಲ್ತಾನನು 1792ರ ಸುಮಾರಿಗೆ ಪೂರೈಸಿದ ಈ ಕೋಟೆಗೆ ಮಂಜರಾಬಾದ್ ಎಂದು ಹೆಸರು. ಸುಲ್ತಾನನು ಇಲ್ಲಿಗೆ ಬಂದಾಗ ಬೆಟ್ಟವೆಲ್ಲ ಮಂಜಿನಲ್ಲಿ ಮುಳುಗಿದ್ದಿತೆಂದೂ, ಅದನ್ನು ಕಂಡೇ ಈ ಹೆಸರನ್ನಿಟ್ಟನೆಂದೂ ಒಂದು ಕಥೆ ಜನಜನಿತವಾಗಿದೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಅದನ್ನು ಚರಿತ್ರೆಯೆಂದೇ ಬರೆಯುತ್ತಾರೆ. ತಪ್ಪು ಅವರದಲ್ಲ, ನಾವೇ ಕೆಲಕಾಲ ತರಗತಿಯಲ್ಲಿ ಹಾಗೆ ಪಾಠ ಹೇಳಿದ್ದುಂಟು. ಈಗ ಅದನ್ನು ಹೇಳಲು ಮನಸ್ಸು ಒಪ್ಪುವುದಿಲ್ಲ.

ಮಂಜು ಎಂಬ ರೂಪದಲ್ಲಿ ಕನ್ನಡದೊಳಗೆ ಎರಡು ಶಬ್ದಗಳಿವೆ. ಇಬ್ಬನಿ, ಹಿಮ ಎಂಬರ್ಥದ ಮಂಜು ದ್ರಾವಿಡ ಶಬ್ದ. ತಮಿಳಿನಲ್ಲಿ ಅದಕ್ಕೆ ಮೋಡವೆಂಬ ಅರ್ಥವೂ ಉಂಟು. ಚೆಲುವು ಎಂಬರ್ಥದ ಮಂಜು (ಮಂಜುಳ, ಮಂಜುಭಾಷಿಣಿ) ಸಂಸ್ಕೃತದ್ದು. ಯಾವುದನ್ನು ಹಿಡಿದರೂ 'ಆಬಾದ್' ಸೇರಿದಾಗ ಮಂಜಾಬಾದ್ ಎಂದಾಗಬೇಕು. ನಡುವಣ ರಕಾರ ಎಲ್ಲಿಂದ ಬಂದಿತು? ಕಥೆ ಹೇಳುವವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ.

ಆಬಾದ್ ಎಂಬುದು ಜನವಸತಿಯನ್ನು ಸೂಚಿಸುವ ಪಾರಸಿ ಪದ. ಅರಬ್ಬಿಯಿಂದ ಪಾರಸಿಗೆ ಬಂದ 'ಮನ್‌ಜ಼ರ್' ಎಂಬ ಶಬ್ದಕ್ಕೆ ನೋಟ, ದೃಶ್ಯ ಎಂಬ ಅರ್ಥಗಳಿವೆ. ನಾವು ದಿನವೂ ಆಡುವ 'ನಜರು' ಅದೇ ಧಾತುವಿನಿಂದ ಹುಟ್ಟಿದ್ದು. ಮೈಸೂರಿನ ಬಳಿ ಟಿಪ್ಪು ಕಟ್ಟಿಸತೊಡಗಿದ ಕೋಟೆಯ ಹೆಸರು ನಜರಾಬಾದ್ ಎಂಬುದನ್ನು ವಾಚಕರು ಇಲ್ಲಿ ನೆನೆಯಬೇಕು. ಆ ಹೆಸರು ಇಂದಿಗೂ ಅಲ್ಲಿಯ ಒಂದು ಬಡಾವಣೆಯಲ್ಲಿ ಉಳಿದಿದೆ. ಬೆಳ್ತಂಗಡಿಯ ಬಳಿಯ ಜಮಾಲಾಬಾದ್ ಕೋಟೆಯ ಹೆಸರೂ ಇದೇ ಅಚ್ಚಿನದು. ಹೀಗೆ ನೋಡಿದರೆ ರಕಾರಕ್ಕೆ ಬೇರೆ ಸಮಾಧಾನ ಬೇಕಿಲ್ಲ. ಘಟ್ಟ ಹತ್ತಿ ಬರುವ ದಾರಿಯನ್ನು ಕಾಯುವ ಕೋಟೆಗೆ 'ನೋಟದೂರು' ಎಂಬ ಹೆಸರು ಒಪ್ಪುವಂಥದೇ. ಕನ್ನಡ ಲಿಪಿಯಲ್ಲಿ ಎರಡು ಧ್ವನಿಗಳಿಗೂ ಒಂದೇ ಜಕಾರ; ಪಾರಸಿಯಲ್ಲಾದರೋ ಅಕ್ಷರಗಳು ಬೇರೆ ಬೇರೆ. ಆದುದರಿಂದ ಈ ಹೆಸರಿನ ಪರೀಕ್ಷೆ ನಡೆಯಬೇಕಾದುದು ಪಾರಸಿ ಕಾಗದಪತ್ರಗಳಲ್ಲಿ.

ಹಾಗೆಂದು ಮಂಜಿನ ಕಥೆಯನ್ನು ಎಸೆಯಬೇಕಾಗಿಲ್ಲ. ಅದು ಟಿಪ್ಪುವಿನ ವಿಷಯಕ್ಕೆ ಸಾಕ್ಷಿಯಲ್ಲ, ಹೆಸರನ್ನು ಕೇಳಿದ ಕನ್ನಡಿಗರ ಕಿವಿಗೆ ಸಾಕ್ಷಿ. ಮಳೆಗಾಲದಲ್ಲಿ ಆ ಮೆಟ್ಟಿಲುಗಳನ್ನು ಹತ್ತಿದವರಿಗೆ ಬೇರೆ ಅರ್ಥ ಹೊಳೆಯುವುದು ಕಷ್ಟ. ನೋಟಕ್ಕೆಂದು ಇಟ್ಟ ಹೆಸರು, ನೋಟವನ್ನೇ ಮರೆಮಾಡುವ ವಸ್ತುವಿನ ಹೆಸರಾಯಿತು!

ಸಕಲೇಶಪುರದ ತೊಡಕು ಬೇರೆ ಬಗೆಯದು. ಲಿಂಗದ ಒಂದು ಚೂರು ಭಿನ್ನವಾಗಿದ್ದುದರಿಂದ ದೇವರು ಶಕಲೇಶನಾದನೆಂದು ಐತಿಹ್ಯ. ಸಂಸ್ಕೃತದಲ್ಲಿ 'ಶಕಲ'ವೆಂದರೆ ತುಂಡು. 'ಸಕಲ'ವೆಂದರೆ ಎಲ್ಲ ಅಂಶಗಳೂ ಕೂಡಿದ್ದು, ಪೂರ್ಣವಾದುದು. ಅರ್ಥದಲ್ಲಿ ಒಂದಕ್ಕೊಂದು ನೇರ ವಿರುದ್ಧ. ಆದರೆ ತದ್ಭವದಲ್ಲಿ ಶಕಾರವು ಸಕಾರವಾಗುವುದನ್ನು (ಶಶಿ, ಸಸಿ) ಕೇಶಿರಾಜನೇ ಹೇಳಿರುವನಾಗಿ, ಕನ್ನಡದಲ್ಲಿ ಎರಡೂ ಒಂದಾಗಬಲ್ಲವು. ಮಂಜರಾಬಾದಿನಲ್ಲಿ ನೆರವಾದ ಧ್ವನಿವಿಚಾರ ಇಲ್ಲಿ ಕೈಕೊಡುತ್ತದೆ; ಬಳಕೆಯನ್ನು ನೋಡಬೇಕು. 12ನೆಯ ಶತಮಾನದ ವಚನಕಾರ ಸಕಲೇಶ ಮಾದರಸನ ಅಂಕಿತ ಸಕಳೇಶ್ವರ ದೇವ. ಸರ್ವಕ್ಕೂ ಒಡೆಯನೆಂಬ ಅರ್ಥದಲ್ಲಿ ಶಿವನಿಗೆ ಈ ಹೆಸರು ಆಗಲೇ ಸಲ್ಲುತ್ತಿದ್ದಿತು. ಹೇಮಾವತಿಯ ದಡದ ದೇಗುಲಕ್ಕೂ ಅದೇ ಹೆಸರು ಬಂದಿತೆಂದೂ, ಚೂರಿನ ಕಥೆಯನ್ನು ಸಂಸ್ಕೃತ ಬಲ್ಲ ಯಾರೋ ಆಮೇಲೆ ಜೋಡಿಸಿದರೆಂದೂ ನಮ್ಮ ಊಹೆ.