ಲಾರಿಯ ನೆತ್ತಿಯ ಮೇಲಿನ ದೀಪಗಳು

ತುಮಕೂರು ದಾಟಿ ಹುಬ್ಬಳ್ಳಿಯ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಹೊತ್ತು ಎದುರಾಗುವ ಎಷ್ಟೋ ಲಾರಿಗಳಿಗೆ ಕಂಪನಿ ಕೊಟ್ಟ ದೀಪಗಳು ಸಾಲುವುದಿಲ್ಲ. ಬಂಪರಿನಲ್ಲಿ ಎರಡು ಫಾಗ್ ಲೈಟ್, ಕ್ಯಾಬಿನ್ನಿನ ನೆತ್ತಿಯ ಮೇಲೆ ನಾಲ್ಕು ಫೋಕಸ್ ಲೈಟ್, ಗಾಜಿನ ಕೆಳಗೊಂದು ಎಲ್‌ಇಡಿ ಪಟ್ಟಿ, ಬಾಡಿಯ ಅಂಚಿನುದ್ದಕ್ಕೂ ಬಣ್ಣದ ಬಲ್ಬುಗಳ ಸಾಲು. ಇದನ್ನೆಲ್ಲ ಬರೀ ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಳೆಗಾಲದಲ್ಲಿ ಸಕಲೇಶಪುರ ಬಿಟ್ಟು ಶಿರಾಡಿ ಘಾಟಿಯಲ್ಲಿ ಗುಂಡ್ಯದತ್ತ ಇಳಿಯುವ ಡ್ರೈವರಿಗೆ ತಿರುವಿನ ಅಂಚು, ಕುಸಿದ ಮಣ್ಣು, ಕೆಟ್ಟು ನಿಂತ ಇನ್ನೊಂದು ಲಾರಿ ಹೊತ್ತಿಗೆ ಮೊದಲೇ ಕಾಣಲೇಬೇಕು. ಹಳೆಯ ಲಾರಿಯ ಮಾಸಿದ ಹೆಡ್‌ಲೈಟು ಆ ಕೆಲಸಕ್ಕೆ ಸಾಲದು. ದೀಪ ಬೇಕು, ನಿಜ. ಆದರೆ ಅದನ್ನು ಕೂರಿಸುವ ನಮ್ಮ ರೂಢಿ ಕೆಟ್ಟಿದೆ. ಯಾವ ದೀಪ ಎಂದು ಆರಿಸುವಾಗ ಇರುವ ಉತ್ಸಾಹ, ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ, ಯಾವ ತಂತಿಯಲ್ಲಿ, ಎಷ್ಟು ಎಂದು ಕೇಳುವಾಗ ಉಳಿದಿರುವುದಿಲ್ಲ.

ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟು ನೋಡಿದರೆ ಸಾಕು. ಹೆಡ್‌ಲೈಟಿಗೆ ಹೋಗುವ ತಂತಿಯ ಸಿಪ್ಪೆಯನ್ನು ಬ್ಲೇಡಿನಿಂದ ಕೆರೆದು, ಹೊಸ ತಂತಿಯ ಎಳೆಗಳನ್ನು ಅದಕ್ಕೆ ಹೊಸೆದು, ಮೇಲೆ ಕರಿ ಟೇಪು ಸುತ್ತಿರುತ್ತಾರೆ. ಕ್ಯಾಬಿನ್ನಿನ ಸೆಕೆಗೆ ಟೇಪಿನ ಅಂಟು ಕರಗಿ ಸುತ್ತು ಸಡಿಲವಾಗುತ್ತದೆ, ತಾಮ್ರ ಬಯಲಾಗುತ್ತದೆ. ಪಕ್ಕದಲ್ಲೇ ತಗಡು, ತಗಡೇ ಅರ್ಥ್. ಇನ್ನು ಅಲುಗಾಟಕ್ಕೆ ಲಾರಿಯಲ್ಲಿ ಬರವಿಲ್ಲ. ಅಲ್ಲೇ ಮುಂದಕ್ಕೆ ಫ್ಯೂಸ್ ಪೆಟ್ಟಿಗೆಯಲ್ಲಿ 10 ಆಂಪಿಯರಿನ ಕೆಂಪು ಫ್ಯೂಸ್ ಇರಬೇಕಾದ ಜಾಗದಲ್ಲಿ 30ರ ಹಸಿರು ಫ್ಯೂಸ್ ಕೂತಿರುತ್ತದೆ, ಕೆಲವೊಮ್ಮೆ ತಂತಿಯ ಎಳೆಯನ್ನೇ ಸಿಕ್ಕಿಸಿರುತ್ತಾರೆ. ಪದೇ ಪದೇ ಫ್ಯೂಸ್ ಹೋಗುತ್ತಿತ್ತು, ಅದಕ್ಕೇ ಹಾಕಿದೆವು ಎನ್ನುತ್ತಾರೆ. ಫ್ಯೂಸ್ ಇರುವುದು ತಂತಿಯನ್ನು ಕಾಯಲು. ಕಾವಲು ತೆಗೆದ ಮೇಲೆ ಸುಡುವ ಸರದಿ ತಂತಿಯದು.

ಲೆಕ್ಕ ಕಷ್ಟದ್ದೇನಲ್ಲ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 70 ವ್ಯಾಟಿನ ನಾಲ್ಕು ಹ್ಯಾಲೊಜನ್ ದೀಪ ಎಂದರೆ 280 ವ್ಯಾಟ್, 24 ವೋಲ್ಟಿನ ಲಾರಿಯಲ್ಲಿ ಸುಮಾರು 11.7 ಆಂಪಿಯರ್. ಇದನ್ನು 0.75 ಚದರ ಮಿಲಿಮೀಟರಿನ ಬಡಕಲು ತಂತಿಯಲ್ಲಿ ಆರು ಮೀಟರ್ ಒಯ್ದರೆ ದಾರಿಯಲ್ಲೇ 1.6 ವೋಲ್ಟ್ ಕರಗುತ್ತದೆ, ಹದಿನೆಂಟು ವ್ಯಾಟಿಗೂ ಮಿಕ್ಕಿದ ಶಕ್ತಿ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ, ಇಷ್ಟು ಸಣ್ಣ ನಷ್ಟಕ್ಕೇ ಬೆಳಕಿನ ಐದನೇ ಒಂದು ಪಾಲು ಹೋಯಿತು. ಅದೇ ದೂರಕ್ಕೆ 2.5 ಚದರ ಮಿಲಿಮೀಟರಿನ ತಂತಿ ಎಳೆದಿದ್ದರೆ ನಷ್ಟ ಅರ್ಧ ವೋಲ್ಟಿನೊಳಗೆ. ದೀಪಕ್ಕೆ ಸಾವಿರಾರು ರೂಪಾಯಿ ಸುರಿದು ತಂತಿಯಲ್ಲಿ ಜಿಪುಣತನ ಮಾಡುವುದನ್ನು ನಾನು ಒಪ್ಪಲಾರೆ.

ಎಲ್‌ಇಡಿ ಹಾಕಿಸಿಕೊಂಡರೆ ಈ ರಗಳೆಯೇ ಇಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಒಂದೇ ಬೆಳಕಿಗೆ ಎಲ್‌ಇಡಿ ಕಡಿಮೆ ಕರೆಂಟು ತಿನ್ನುತ್ತದೆ, ಒಪ್ಪಿದೆ. ಆದರೆ ಹ್ಯಾಲೊಜನ್ನಿನಲ್ಲಿ ತಂತಿ ಸಪೂರವಾದರೆ ದೀಪ ಹಳದಿಗಟ್ಟಿ ಮಂಕಾಗಿ ಡ್ರೈವರಿಗೆ ಸುಳಿವು ಕೊಡುತ್ತಿತ್ತು. ಒಳ್ಳೆಯ ಎಲ್‌ಇಡಿ ದೀಪದೊಳಗಿನ ಸರ್ಕ್ಯೂಟು ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟು ಎಳೆದು ಬೆಳಕನ್ನು ಹಾಗೇ ಹಿಡಿದಿಡುತ್ತದೆ. ದೀಪ ಝಗಝಗ ಉರಿಯುತ್ತಿರುತ್ತದೆ, ಹಿಂದೆ ಜಾಯಿಂಟು ಕಾಯುತ್ತಿರುತ್ತದೆ. ಡಬ್ಬಿಯ ಮೇಲೆ ಅಚ್ಚಾದ ವ್ಯಾಟಿನ ಮೇಲೂ ಭರವಸೆ ಇಡಬಾರದು. ಮೀಟರ್ ಹಾಕಿ ಅಳೆದ ಆಂಪಿಯರೇ ಲೆಕ್ಕಕ್ಕೆ ಬರುವುದು.

ಈ ರೂಢಿಯಲ್ಲಿ ನನಗೆ ಎಲ್ಲಕ್ಕಿಂತ ತಪ್ಪಾಗಿ ಕಾಣುವುದು ಒಂದೇ ಬ್ಯಾಟರಿಯಿಂದ ಲೈನ್ ಎಳೆಯುವುದು. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಸೀರೀಸಿನಲ್ಲಿ, ಒಂದೇ ನೊಗಕ್ಕೆ ಹೂಡಿದ ಜೋಡಿ ಎತ್ತಿನ ಹಾಗೆ ಇರುತ್ತವೆ. ಕಾರಿನ 12 ವೋಲ್ಟಿನ ದೀಪವೋ ಟೇಪ್‌ರೆಕಾರ್ಡರೋ ಅಗ್ಗಕ್ಕೆ ಸಿಕ್ಕಿತೆಂದು ಎರಡರ ನಡುವಿನಿಂದ ತಂತಿ ತೆಗೆಯುತ್ತಾರೆ. ಆ ಭಾರವೆಲ್ಲ ಒಂದರ ಮೇಲೆ ಬೀಳುತ್ತದೆ. ಆಲ್ಟರ್ನೇಟರಿಗೆ ಇದು ಗೊತ್ತಾಗುವುದಿಲ್ಲ. ಅದು ಒಟ್ಟು ಸುಮಾರು 28 ವೋಲ್ಟ್ ನೋಡಿಕೊಂಡು ಚಾರ್ಜು ಮಾಡುತ್ತಾ ಹೋಗುತ್ತದೆ. ಬರಿದಾದ ಬ್ಯಾಟರಿ 13 ವೋಲ್ಟಿನಲ್ಲೇ ನಿಂತರೆ, ತುಂಬಿದ ಇನ್ನೊಂದರ ಮೇಲೆ 15 ವೋಲ್ಟ್ ಬೀಳುತ್ತದೆ. ತುಂಬಿದ್ದರ ನೀರು ಕುದಿದು ಆರುತ್ತದೆ, ಬರಿದಾದದ್ದರ ಪ್ಲೇಟುಗಳ ಮೇಲೆ ಸಲ್ಫೇಟು ಕಟ್ಟುತ್ತದೆ. ಕೊನೆಗೆ ಬ್ಯಾಟರಿ ಕಂಪನಿಯನ್ನು ಬೈದು ಎರಡನ್ನೂ ಬದಲಾಯಿಸುತ್ತಾರೆ, ನಡುವಿನ ತಂತಿಯನ್ನು ಮಾತ್ರ ಹೊಸ ಬ್ಯಾಟರಿಗೂ ಹಾಗೇ ಸಿಕ್ಕಿಸುತ್ತಾರೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದ್ದರೆ ಈ ಪೆಟ್ಟು ಬೀಳುತ್ತಿರಲಿಲ್ಲ. 24 ವೋಲ್ಟಿನ ದೀಪವನ್ನೇ ಕೊಂಡಿದ್ದರೆ ಅದೂ ಬೇಕಿರಲಿಲ್ಲ.

ಎಂಜಿನ್ ಆಫ್ ಆದ ಮೇಲಿನ ಲೆಕ್ಕವನ್ನಂತೂ ಯಾರೂ ಹಾಕುವುದೇ ಇಲ್ಲ. ಬಾಡಿಯ ಸುತ್ತ 5 ವ್ಯಾಟಿನ ಮೂವತ್ತು ಬಲ್ಬುಗಳೆಂದರೆ 150 ವ್ಯಾಟ್, ಆರು ಆಂಪಿಯರಿಗಿಂತ ತುಸು ಹೆಚ್ಚು. ಡಾಬಾದ ಮುಂದೆ ಎಂಟು ಗಂಟೆ ಉರಿದರೆ 50 ಆಂಪಿಯರ್-ಅವರ್ ಖಾಲಿ. 120ರ ಬ್ಯಾಟರಿ ಜೋಡಿ ಹಳೆಯದಾಗಿದ್ದರೆ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಡಾಬಾದಲ್ಲಾದರೆ ತಳ್ಳುವವರು ಸಿಗುತ್ತಾರೆ. ಘಾಟಿಯ ಜಾಮಿನಲ್ಲಿ, ಮಳೆಯಲ್ಲಿ, ವೈಪರ್, ಬ್ಲೋವರ್, ಹೆಡ್‌ಲೈಟ್, ನೆತ್ತಿಯ ದೀಪ ಎಲ್ಲ ಹಾಕಿಕೊಂಡು ಐಡ್ಲಿಂಗಿನಲ್ಲಿ ನಿಂತಾಗ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿಗಿಂತ ಬಹಳ ಕಡಿಮೆ ಕೊಡುತ್ತಿರುತ್ತದೆ. ಉಳಿದದ್ದನ್ನು ಬ್ಯಾಟರಿ ತುಂಬಿಕೊಡಬೇಕು. ಆಮೇಲೆ ಎಂಜಿನ್ ಬಂದ್ ಆಯಿತೆಂದರೆ ಹಿಂದಿನ ಕೆಂಪು ದೀಪಕ್ಕೂ ನಾಲ್ಕೂ ಇಂಡಿಕೇಟರಿಗೂ ಜೀವ ಇರುವುದಿಲ್ಲ. ಕತ್ತಲ ರಸ್ತೆಯಂಚಿನಲ್ಲಿ ದೀಪವಿಲ್ಲದೆ ನಿಂತ ಲಾರಿ ಬೈಕಿನವನಿಗೆ ಕಾಣುವುದಿಲ್ಲ. ಮುಂದಿನ ಬೆಳಕಿನ ಆಸೆಗೆ ಹಿಂದಿನ ಬೆಳಕನ್ನು ಬಲಿ ಕೊಡುವ ಈ ಏರ್ಪಾಡನ್ನು ನಾನು ಕಟುವಾಗಿಯೇ ವಿರೋಧಿಸುತ್ತೇನೆ. ಕರೆಂಟೇ ಬೇಡದ ಪ್ರತಿಫಲಕ ಟೇಪಿದೆ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಅದರ ಮೇಲೆ ಮೆತ್ತಿದ ಕೆಸರು ಒರೆಸುವುದು ಐದು ನಿಮಿಷದ ಕೆಲಸ.

ಮಂಜಿನ ವಿಚಾರದಲ್ಲೂ ನೆತ್ತಿಯ ದೀಪ ಸೋಲುತ್ತದೆ. ಡ್ರೈವರಿನ ಕಣ್ಣಿಗೆ ಹತ್ತಿರದಿಂದ ಹೊರಟ ಬೆಳಕು ಮಂಜಿನ ಹನಿಗಳಿಗೆ ಬಡಿದು ಅವನ ಕಡೆಗೇ ಮರಳಿ, ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಬಂಪರಿನ ಕೆಳಮಟ್ಟದಲ್ಲಿ, ಅಗಲಕ್ಕೆ ಹರಡಿ ಮೇಲಕ್ಕೆ ಚೆಲ್ಲದ ದೀಪವೇ ಅಲ್ಲಿ ಕೆಲಸಕ್ಕೆ ಬರುವುದು. ಹಳದಿ ಬಣ್ಣದ ಮಹಿಮೆಯನ್ನು ಉಬ್ಬಿಸಿ ಹೇಳುತ್ತಾರೆ, ಮಂಜಿನ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತದೆ. ಎದುರಿನಿಂದ ಬರುವವನಿಗಂತೂ ನೆತ್ತಿಯ ದೀಪ ಶುದ್ಧ ಹಿಂಸೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಅವನು ಕುರುಡಾಗಿಯೇ ಓಡಿಸಬೇಕು.

2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕೇಸು ಹಾಕಿದ್ದು ಸರಿಯಾದ ಕೆಲಸ. ಆದರೆ ರಸ್ತೆ ಬದಿಯ ತಪಾಸಣೆಗೆ ದೀಪ ಕಾಣುತ್ತದೆ, ತಂತಿ ಕಾಣುವುದಿಲ್ಲ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಪಾಸಣೆಗೆ ಮುಂಚೆ ದೀಪ ಬಿಚ್ಚಿಟ್ಟು, ಮುಗಿದ ಮೇಲೆ ಮತ್ತೆ ಕಟ್ಟುವವರಿದ್ದಾರೆ. ಒಂದೊಂದು ಸಲ ಬಿಚ್ಚಿ ಕಟ್ಟಿದಾಗಲೂ ಜಾಯಿಂಟು ಇನ್ನಷ್ಟು ಹಾಳಾಗುತ್ತದೆ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಎಂಜಿನ್ನಿನ ಕಂಪ್ಯೂಟರು, ಸೆನ್ಸರುಗಳು ಇದೇ ವೈರಿಂಗನ್ನು ನೆಚ್ಚಿಕೊಂಡಿವೆ. ಎಲ್ಲೆಂದರಲ್ಲಿ ಸಿಪ್ಪೆ ಕೆರೆಯುವ ಚಾಳಿ ಅಲ್ಲಿ ಇನ್ನೂ ದುಬಾರಿ.

ಚೆನ್ನಾಗಿ ಮಾಡುವವರೂ ನಮ್ಮಲ್ಲಿದ್ದಾರೆ. ಅವರು ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸುತ್ತಾರೆ, ದೀಪದ ಭಾರವನ್ನು ರಿಲೇಗೆ ಕೊಟ್ಟು ಸ್ವಿಚ್ಚನ್ನು ಹಗುರವಾಗಿಡುತ್ತಾರೆ, ತಂತಿ ತಗಡಿನ ತೂತು ದಾಟುವಲ್ಲಿ ರಬ್ಬರ್ ಬುಷ್ ಹಾಕುತ್ತಾರೆ, ಅರ್ಥಿನ ಜಾಗದ ಪೇಂಟು ಕೆರೆದು ಬೋಲ್ಟು ಬಿಗಿಯುತ್ತಾರೆ. ಅಲಂಕಾರದ ಬಲ್ಬುಗಳನ್ನು ಕೀ ತೆಗೆದ ಕೂಡಲೇ ಆರುವ ಲೈನಿಗೆ ಸೇರಿಸುತ್ತಾರೆ. ಇವರ ಕೂಲಿ ಸ್ವಲ್ಪ ಹೆಚ್ಚು, ಅದು ನ್ಯಾಯವಾದ ಕೂಲಿ. ಇವರಿಂದಲೂ ನಾನು ಇನ್ನೊಂದನ್ನು ಬಯಸುತ್ತೇನೆ: ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಎಷ್ಟರದು, ಒಟ್ಟು ಎಷ್ಟು ಆಂಪಿಯರ್ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಬೇಕು. ಗೊತ್ತಿಲ್ಲದ ಊರಿನಲ್ಲಿ ಲಾರಿ ಕೆಟ್ಟು ನಿಂತಾಗ ಅಲ್ಲಿನ ಎಲೆಕ್ಟ್ರಿಷಿಯನ್ ಮೊದಲು ಓದಬೇಕಾದ್ದು ಅದನ್ನೇ. ಕೆಲಸದ ಬಿಲ್ಲಿನ ಜೊತೆಗೆ ಆ ಹಾಳೆಯನ್ನೂ ಮಾಲೀಕರು ಕೇಳಿ ಪಡೆಯಲಿ.